ಕಳಿಸುವವರು ಯಾರು? ಗಡಿನಾಡಿನಿಂದ ಒಂದು ವರ್ಷದ ಮಿಶನ್ ಸೇವೆಗೆ ಹೊರಡುವವರ ಲೆಕ್ಕ

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಕ್ರೈಸ್ತ ಮನೆಗಳಲ್ಲಿ ಪ್ಲಸ್ ಟು ಅಥವಾ ಡಿಗ್ರಿ ಮುಗಿಸಿದ ಮಕ್ಕಳಿಗೆ ಈಗ ಎರಡು ಬಗೆಯ ಕರೆ ಬರುತ್ತಿದೆ. ಒಂದು ಇಗರ್ಜಿಯ ಮೂಲಕ ಬರುವುದು: ಹೊರದೇಶದಲ್ಲಿ ಒಂದು ವರ್ಷ ಸ್ವಯಂಸೇವೆ, ಊಟ ವಸತಿ ಅವರದು, ಕೈಖರ್ಚಿಗೆ ಸ್ವಲ್ಪ ಹಣ. ಇನ್ನೊಂದು ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಏಜೆನ್ಸಿ ಜಾಹೀರಾತು: ಎಫ್‌ಎಸ್‌ಜೆ (ಸಮಾಜಸೇವಾ ವರ್ಷದ) ವೀಸಾದಲ್ಲಿ ಜರ್ಮನಿ, ಆಮೇಲೆ ಅಲ್ಲೇ ಸೆಟ್ಲ್, ಮುಂಗಡ ಇಷ್ಟು ಲಕ್ಷ. ಎರಡರಲ್ಲೂ ವೀಸಾದ ಬಗೆ ಒಂದೇ. ಹೋಗಿ ಸೇರುವ ಜಾಗವೂ ಹೆಚ್ಚಾಗಿ ಒಂದೇ ತರದ ವೃದ್ಧಾಶ್ರಮ. ಹಾಗಾದರೆ ಯಾವುದು ಮಿಶನ್, ಯಾವುದು ಕೂಲಿ?

ಉತ್ತರ ಹುಡುಕಲು ಹೋಗುವವರ ಭಕ್ತಿಯನ್ನು ಅಳೆಯಬೇಕಾಗಿಲ್ಲ, ಕಾಗದ ನೋಡಿದರೆ ಸಾಕು. ಊರಲ್ಲಿ ಕಳಿಸುವ ಒಂದು ಸಭೆ, ಅಲ್ಲಿ ಬರಮಾಡಿಕೊಳ್ಳುವ ಒಂದು ಸಂಸ್ಥೆ, ಇವೆರಡರ ನಡುವೆ ಸಹಿಯಾದ ಒಪ್ಪಂದ, ವರ್ಷ ಮುಗಿಸಿ ಬಂದಾಗ ‘ಏನು ಮಾಡಿ ಬಂದೆ’ ಎಂದು ಕೇಳುವ ಜನ, ಇಷ್ಟಿದ್ದರೆ ಅದು ಮಿಶನ್ ವರ್ಷ. ನಡುವೆ ಏಜೆಂಟ್ ಮಾತ್ರ ಇದ್ದರೆ ಅದು ಕಡಿಮೆ ಸಂಬಳದ ದುಡಿಮೆ. ದುಡಿಮೆ ತಪ್ಪಲ್ಲ. ಆದರೆ ದುಡಿಮೆಗೆ ಹೋಗುವವರು ದುಡಿಮೆಯ ವೀಸಾದಲ್ಲೇ, ದುಡಿಮೆಯ ಸಂಬಳಕ್ಕೇ ಹೋಗುವುದು ಲೇಸು.

ಹಳೆಯ ನಂಟು

ಗಡಿನಾಡಿನ ಕನ್ನಡ ಕ್ರೈಸ್ತರಿಗೆ ಜರ್ಮನ್ ಮಾತಿನ ದೇಶಗಳ ನಂಟು ನಿನ್ನೆ ಮೊನ್ನೆಯದಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಮುಂದಿನ ಹತ್ತು ವರ್ಷದೊಳಗೆ ತಲಶ್ಶೇರಿ, ಕಣ್ಣೂರುಗಳಲ್ಲೂ ನೆಲೆಯೂರಿತು. ಕಾಸರಗೋಡು ಮಂಗಳೂರಿಗೂ ಕಣ್ಣೂರಿಗೂ ನಡುವಿನ ದಾರಿ. 1956ರವರೆಗೆ ಅದು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕೇ ಆಗಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಶನರಿಗಳು ಇಲ್ಲಿಂದ ಹೋಗಬೇಕಾಯಿತು, ಹೆಂಚು ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕೈಬಿಟ್ಟವು. ಸಭೆಗಳು ಉಳಿದವು, 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಆದಾಗ ಇಲ್ಲವೇ ಆಮೇಲೆ ಅದರಲ್ಲಿ ಸೇರಿದವು. ಅತ್ತ ಬಾಸೆಲ್ ಮಿಶನ್ನಿನ ಕೆಲಸ 2001ರಲ್ಲಿ ‘ಮಿಶನ್ 21’ ಎಂಬ ಹೆಸರಿನ ಕೂಟಕ್ಕೆ ಸೇರಿತು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 1972ರಿಂದ ಇರುವ ಇಎಂಎಸ್ ಎಂಬ ಮಿಶನ್ ಕೂಟದಲ್ಲಿ ಜರ್ಮನ್ ಸಭೆಗಳ ಜೊತೆ ಸಿಎಸ್‌ಐ ಕೂಡ ಸದಸ್ಯ. ಜರ್ಮನಿಯ ಯುವಕರನ್ನು ಇತ್ತ ಕಳಿಸುವ, ಇತ್ತಲಿನ ಯುವಕರನ್ನು ಅತ್ತ ಕರೆಸಿಕೊಳ್ಳುವ ಸ್ವಯಂಸೇವಾ ಯೋಜನೆ ಇಎಂಎಸ್‌ಗೆ ಇದೆ. ಸಿಎಸ್‌ಐ ಮಕ್ಕಳಿಗೆ ಇದೇ ನೆಚ್ಚಬಹುದಾದ ದಾರಿ.

ಕೆಥೊಲಿಕರ ಸ್ಥಿತಿ ಸ್ವಲ್ಪ ವಿಚಿತ್ರ. ರಾಜ್ಯ ಕೇರಳ, ಧರ್ಮಪ್ರಾಂತ ಮಂಗಳೂರು. ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿಯ ಇಗರ್ಜಿಗಳೆಲ್ಲ ಕೊಡಿಯಾಲ್‌ಬೈಲಿನ ಬಿಷಪ್ ಹೌಸಿಗೆ ಸೇರಿದವು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪಂಚಾಯತಿಯಲ್ಲಿ ಮಲಯಾಳ. ಹಾಗಾಗಿ ಕೇರಳದ ಕಡೆಯಿಂದ ಬರುವ ಕರೆಗಳು, ಉದಾಹರಣೆಗೆ ಕೇರಳದಲ್ಲೇ ಹುಟ್ಟಿ 2016ರಲ್ಲಿ ರೋಮಿನ ಮಾನ್ಯತೆ ಪಡೆದ ಜೀಸಸ್ ಯೂತ್ ಚಳವಳಿಯ ಒಂದು ವರ್ಷದ ‘ಫುಲ್‌ಟೈಮರ್’ ಸೇವೆ, ಇವರನ್ನು ಮುಟ್ಟುವುದು ತಡವಾಗಿ. ಶಿಫಾರಸು ಪತ್ರ ಮಾತ್ರ ಮಂಗಳೂರಿನಿಂದಲೇ ಆಗಬೇಕು. ಮೊದಲು ವಿಗಾರರ ಪತ್ರ, ಅದರ ಮೇಲೆ ಬಿಷಪ್ ಹೌಸಿನ ಮೊಹರು. ಸಿಎಸ್‌ಐಯವರು ತಮ್ಮ ಸಭೆ ಕರ್ನಾಟಕ ದಕ್ಷಿಣ ಡಯೋಸಿಸ್‌ಗೆ ಸೇರಿದ್ದೋ ಮಲಬಾರ್ ಡಯೋಸಿಸ್‌ಗೋ ಎಂದು ನೋಡಿಕೊಂಡು ಪತ್ರ ಕೇಳಬೇಕು. ಪತ್ರ ತಪ್ಪು ಕಚೇರಿಗೆ ಹೋದರೆ ಅಲ್ಲಿಂದ ಇಲ್ಲಿಗೆ ತಿರುಗುವುದರಲ್ಲೇ ತಿಂಗಳು ಕಳೆಯುತ್ತದೆ.

ವೀಸಾದ ಹೆಸರು ಏನು

‘ಮಿಶನರಿ’ ಎಂದ ಕೂಡಲೇ ಬೈಬಲ್ ಹಿಡಿದು ಮನೆಮನೆ ಹತ್ತುವವರ ಚಿತ್ರ ಕಣ್ಣಿಗೆ ಬರುತ್ತದೆ. ಯುರೋಪಿಗೆ ಹೋಗುವ ಸ್ವಯಂಸೇವಕರ ದಿನಚರಿಯಲ್ಲಿ ಅದು ಇಲ್ಲವೇ ಇಲ್ಲ. ಅವರ ಪಾಲಿಗೆ ಬರುವುದು ಸಭೆಗಳು ನಡೆಸುವ ವೃದ್ಧಾಶ್ರಮ, ಶಿಶುವಿಹಾರ, ಅಂಗವಿಕಲರ ವಸತಿ. ಅರ್ಜಿಯಲ್ಲಿ ‘ಸುವಾರ್ತೆ ಸಾರಲು’ ಎಂದು ಬರೆದರೆ ವೀಸಾ ಅಧಿಕಾರಿ ಬೇರೆಯೇ ಬಗೆಯ ವೀಸಾ ಕೇಳುತ್ತಾನೆ. ಧರ್ಮಬೋಧಕರ ವೀಸಾ ಬೇರೆ, ಸ್ವಯಂಸೇವಕರ ವೀಸಾ ಬೇರೆ. ಎರಡನ್ನೂ ಕಲಸಿದ ಅರ್ಜಿ ನಿಲ್ಲುವುದಿಲ್ಲ.

ಜರ್ಮನಿಯಲ್ಲಿ ಎರಡು ಚೌಕಟ್ಟುಗಳಿವೆ. 1964ರ ಕಾನೂನಿನಿಂದ ಬಂದ ಎಫ್‌ಎಸ್‌ಜೆ, ಅಂದರೆ ಸ್ವಯಂಪ್ರೇರಿತ ಸಮಾಜಸೇವಾ ವರ್ಷ, 27 ತುಂಬದವರಿಗೆ. 2011ರ ಜುಲೈಯಲ್ಲಿ ಶುರುವಾದ ಬಿಎಫ್‌ಡಿ, ಅಂದರೆ ಒಕ್ಕೂಟ ಸರ್ಕಾರದ ಸ್ವಯಂಸೇವೆ, ಎಲ್ಲ ವಯಸ್ಸಿನವರಿಗೆ. ಬಿಎಫ್‌ಡಿ ಯಾಕೆ ಬಂತೆಂಬುದು ಗೊತ್ತಿದ್ದರೆ ಏಜೆನ್ಸಿಗಳ ಆಟ ಅರ್ಥವಾಗುತ್ತದೆ. ಅಲ್ಲಿಯವರೆಗೆ ಜರ್ಮನ್ ಹುಡುಗರಿಗೆ ಕಡ್ಡಾಯ ಸೈನಿಕ ಸೇವೆಯಿತ್ತು. ಬಂದೂಕು ಬೇಡವೆಂದವರು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯಬೇಕಿತ್ತು. 2011ರಲ್ಲಿ ಕಡ್ಡಾಯ ಸೇವೆಯನ್ನು ನಿಲ್ಲಿಸಿದಾಗ ಆ ಕೈಗಳೆಲ್ಲ ಒಮ್ಮೆಲೇ ಇಲ್ಲವಾದವು. ಆ ಜಾಗ ತುಂಬಲು ಬಂದದ್ದು ಬಿಎಫ್‌ಡಿ. ಅಲ್ಲಿ ಮುದುಕರು ಹೆಚ್ಚು, ನೋಡಿಕೊಳ್ಳುವವರು ಕಡಿಮೆ. ಆ ಕೊರತೆಯೇ ಇಲ್ಲಿನ ಜಾಹೀರಾತಿನ ಬಂಡವಾಳ.

ಎರಡರಲ್ಲೂ ಕೆಲಸದ ಅವಧಿ ಸಾಮಾನ್ಯವಾಗಿ ವಾರಕ್ಕೆ 39–40 ಗಂಟೆ. 27 ತುಂಬದವರಿಗೆ ವರ್ಷದಲ್ಲಿ 25 ದಿನ ತರಬೇತಿ ಶಿಬಿರ ಕಡ್ಡಾಯ. ಆರೋಗ್ಯವಿಮೆ ಮತ್ತು ಸಾಮಾಜಿಕ ಭದ್ರತೆಯ ಕಂತನ್ನು ಸಂಸ್ಥೆಯೇ ಕಟ್ಟುತ್ತದೆ. ಕೈಖರ್ಚಿನ ಹಣಕ್ಕೆ ಕಾನೂನು ಹಾಕಿದ ಮೇಲ್ಮಿತಿ 2025ರಲ್ಲಿ ತಿಂಗಳಿಗೆ 644 ಯೂರೋ. ಅದು ಮಿತಿ ಮಾತ್ರ, ಅಷ್ಟೇ ಕೊಡುತ್ತಾರೆಂದು ಅರ್ಥವಲ್ಲ. ಒಪ್ಪಂದದಲ್ಲಿ ಬರುವುದು ಹೆಚ್ಚಾಗಿ ಅದಕ್ಕಿಂತ ಸಾಕಷ್ಟು ಕಡಿಮೆ. ಊಟ, ವಸತಿ ಅದರ ಹೊರಗೋ ಒಳಗೋ ಎಂಬ ಒಂದೇ ಸಾಲಿನ ಮೇಲೆ ಇಡೀ ವರ್ಷದ ನೆಮ್ಮದಿ ನಿಂತಿರುತ್ತದೆ. ಬಾಡಿಗೆಯನ್ನು ಕೈಖರ್ಚಿನಿಂದಲೇ ಮುರಿದುಕೊಳ್ಳುವ ಒಪ್ಪಂದವಾದರೆ ತಿಂಗಳ ಕೊನೆಗೆ ಬ್ರೆಡ್ಡಿಗೂ ಲೆಕ್ಕ ಹಾಕಬೇಕಾಗುತ್ತದೆ.

ಸಭೆಗಳ ಮೂಲಕ ಹೋಗುವವರಲ್ಲಿ ಹಲವರು ಸೇರುವುದು ‘ವೆಲ್ಟ್‌ವೆರ್ಟ್ಸ್’ ಯೋಜನೆಗೆ. 2008ರಲ್ಲಿ ಜರ್ಮನ್ ಸರ್ಕಾರ ತನ್ನ ಯುವಕರನ್ನು ಹೊರಗೆ ಕಳಿಸಲು ಶುರುಮಾಡಿದ ಇದು, ಕೆಲವು ವರ್ಷಗಳ ನಂತರ ನಮ್ಮ ಕಡೆಯವರಿಗೂ ತೆರೆಯಿತು. ವಯಸ್ಸು 18ರಿಂದ 28. ಇಲ್ಲಿಂದ ಕಳಿಸುವ ಸಂಸ್ಥೆ, ಅಲ್ಲಿ ಕರೆಸಿಕೊಳ್ಳುವ ಸಂಸ್ಥೆ ಎರಡೂ ಇದ್ದರೆ ಮಾತ್ರ ಜಾಗ ಸಿಗುತ್ತದೆ. ಹಿಂತಿರುಗಿ ಬರುವುದು ಯೋಜನೆಯ ತಳಹದಿ. ‘ಅಲ್ಲೇ ಸೆಟ್ಲ್’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ.

ಬ್ರಿಟನ್ನಿನ ಲೆಕ್ಕ ಬೇರೆ. ಅಲ್ಲಿನ ಚಾರಿಟಿ ವರ್ಕರ್ ವೀಸಾ ಹೆಚ್ಚೆಂದರೆ 12 ತಿಂಗಳದ್ದು. ಕರೆಸಿಕೊಳ್ಳುವ ಸಂಸ್ಥೆಗೆ ಪ್ರಾಯೋಜಕ ಪರವಾನಗಿ ಇರಲೇಬೇಕು. ಸಂಬಳ ಪಡೆಯುವಂತಿಲ್ಲ, ಕಾಯಂ ಹುದ್ದೆಯಲ್ಲಿ ಕೂರುವಂತಿಲ್ಲ. 2025ರ ಏಪ್ರಿಲ್ ದರದಲ್ಲಿ ಅರ್ಜಿಗೆ 319 ಪೌಂಡ್, ಆರೋಗ್ಯ ಶುಲ್ಕ ವರ್ಷಕ್ಕೆ 1,035 ಪೌಂಡ್. ಖರ್ಚಿನ ಹೊಣೆಯನ್ನು ಪ್ರಾಯೋಜಕರು ಪತ್ರದಲ್ಲಿ ಒಪ್ಪಿಕೊಳ್ಳದಿದ್ದರೆ 1,270 ಪೌಂಡ್ ನಿಮ್ಮ ಖಾತೆಯಲ್ಲಿ ಸತತ 28 ದಿನ ಇರಬೇಕು. ಹಿಂದಿನ ವಾರ ಚಿಕ್ಕಪ್ಪ ಹಾಕಿದ ಹಣ ಇಲ್ಲಿ ಉಪಯೋಗಕ್ಕೆ ಬಾರದು. ಆರು ತಿಂಗಳಿಗಿಂತ ಹೆಚ್ಚು ಇರುವವರಿಗೆ ಮಾನ್ಯತೆ ಪಡೆದ ಕ್ಲಿನಿಕ್‌ನಲ್ಲೇ ಕ್ಷಯ ತಪಾಸಣೆ ಆಗಬೇಕು, ಅದರ ಪ್ರಮಾಣಪತ್ರಕ್ಕೆ ಆರು ತಿಂಗಳ ಆಯುಷ್ಯ. ಬಹಳ ಬೇಗ ಮಾಡಿಸಿಟ್ಟು ಅವಧಿ ಮುಗಿಸಿಕೊಂಡವರು ಇನ್ನೊಮ್ಮೆ ಹಣ ಕಟ್ಟಬೇಕಾಗುತ್ತದೆ. ಪ್ರಾಯೋಜಕ ಪತ್ರದ ಆಯುಷ್ಯವಂತೂ ಮೂರೇ ತಿಂಗಳು.

ಅಮೆರಿಕದ ಆರ್-1 ಧಾರ್ಮಿಕ ಕೆಲಸಗಾರರ ವೀಸಾಕ್ಕೆ ಅರ್ಜಿಗೆ ಮುಂಚಿನ ಎರಡು ವರ್ಷವಾದರೂ ಅದೇ ಪಂಗಡದ ಸದಸ್ಯರಾಗಿರಬೇಕು, ವಾರಕ್ಕೆ ಕನಿಷ್ಠ 20 ಗಂಟೆ ಕೆಲಸ ಇರಬೇಕು, ಅಲ್ಲಿನ ಸಭೆ ಮೊದಲು ಅರ್ಜಿ ಹಾಕಿ ಒಪ್ಪಿಗೆ ಪಡೆದಿರಬೇಕು. ಸಂಬಳವಿಲ್ಲದ ಸ್ವಯಂಸೇವೆಗೆ ಬಿ-1 ವೀಸಾದಲ್ಲೂ ಒಂದು ಕಿಂಡಿ ಇದೆ. ಎಲ್ಲಿ, ಎಷ್ಟು ಕಾಲ, ಯಾವ ಕೆಲಸ, ಯಾರ ಖರ್ಚು ಎಂಬುದನ್ನೆಲ್ಲ ಬರೆದ ಸಭೆಯ ಪತ್ರ ಜೊತೆಗಿರಬೇಕು. ‘ಟೂರಿಸ್ಟ್ ಅಂತ ಹೇಳು, ಹೋದ ಮೇಲೆ ನೋಡಿಕೊಳ್ಳೋಣ’ ಎನ್ನುವವರ ಸಲಹೆಯಷ್ಟು ದುಬಾರಿ ಸಲಹೆ ಇನ್ನೊಂದಿಲ್ಲ. ಸುಳ್ಳು ಸಿಕ್ಕಿಬಿದ್ದರೆ ಮುಂದೆ ನಿಜವಾದ ಅರ್ಜಿಗೂ ಬಾಗಿಲು ಮುಚ್ಚುತ್ತದೆ.

ಸ್ವಂತ ಖರ್ಚಿನ ದಾರಿಗಳೂ ಇವೆ. 1960ರಲ್ಲಿ ಶುರುವಾದ ಯೂತ್ ವಿತ್ ಎ ಮಿಶನ್ ಎಂಬ ಸಂಘಟನೆ, ಅಂದರೆ ವೈವ್ಯಾಮ್‌ನ ಶಿಷ್ಯತ್ವ ತರಬೇತಿ ಶಾಲೆ ಸುಮಾರು ಐದಾರು ತಿಂಗಳದ್ದು. ಮೊದಲ ಮೂರು ತಿಂಗಳು ಪಾಠ, ಉಳಿದದ್ದು ಹೊರಸೇವೆ. ಆಪರೇಷನ್ ಮೊಬಿಲೈಸೇಷನ್‌ನ ಪುಸ್ತಕದ ಹಡಗುಗಳಲ್ಲಿ ಅಡುಗೆ, ಎಂಜಿನ್, ಪುಸ್ತಕ ಮಾರಾಟ ಎಲ್ಲವನ್ನೂ ಸ್ವಯಂಸೇವಕರೇ ನಡೆಸುತ್ತಾರೆ. ಎರಡು ಕಡೆಯೂ ಸಂಬಳವಿಲ್ಲ, ತಿಂಗಳ ಖರ್ಚನ್ನು ಸಭೆಯವರಿಂದಲೂ ನೆಂಟರಿಂದಲೂ ನೀವೇ ಒಟ್ಟುಮಾಡಬೇಕು. ಮಾತುಕೊಟ್ಟವರಲ್ಲಿ ಕೆಲವರು ನಡುವೆ ಕೈಬಿಡುತ್ತಾರೆ. ಹಾಗಾಗಿ ಮೂರು ತಿಂಗಳ ಖರ್ಚು ಕೈಯಲ್ಲಿ ಹೆಚ್ಚಿಗೆ ಇಲ್ಲದೆ ಹೊರಡಬಾರದು.

ಬಾಗಿಲು ತೆರೆದಂತೆ ಕಂಡರೂ ನೆಲ ಜಾರುವ ದೇಶ ನೇಪಾಳ. ಭಾರತೀಯರಿಗೆ ವೀಸಾ ಬೇಡ, ರೈಲು ಬಸ್ಸಿನಲ್ಲೇ ಹೋಗಿಬಿಡಬಹುದು. ಆದರೆ 2015ರ ಸಂವಿಧಾನದ 26ನೇ ವಿಧಿ ಮತಾಂತರವನ್ನು ನಿಷೇಧಿಸಿದೆ. 2017ರ ದಂಡಸಂಹಿತೆಯ 158ನೇ ಕಲಮಿನಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ. ಅಪರಾಧಿ ಹೊರದೇಶದವನಾದರೆ ಶಿಕ್ಷೆ ಮುಗಿದ ಏಳು ದಿನದೊಳಗೆ ಗಡೀಪಾರು. ಗಲ್ಫ್‌ನಲ್ಲಿ ಬಂಧುಗಳಿರುವ ಮನೆಯವರು ‘ದುಬೈ ಇಗರ್ಜಿಯಲ್ಲೇ ಸೇವೆ ಮಾಡಬಹುದಲ್ಲ’ ಎನ್ನುವುದುಂಟು. ಇಗರ್ಜಿಯೊಳಗೆ ಗಾಯನಕ್ಕೋ ಮಕ್ಕಳ ಕ್ರೈಸ್ತ ಶಿಕ್ಷಣಕ್ಕೋ ಕೈಜೋಡಿಸುವುದು ಬೇರೆ, ಹೊರಗಿನವರಿಗೆ ಬೋಧಿಸುವುದು ಬೇರೆ. ಎರಡನೆಯದು ಅಲ್ಲಿ ಅಪರಾಧ.

ಎರಡು ರಾಜ್ಯದ ಕಾಗದ

ಗಡಿನಾಡಿನವರ ಅರ್ಜಿ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಇಲ್ಲೇ. ಮಂಜೇಶ್ವರ ಅಥವಾ ಬದಿಯಡ್ಕ ಕಡೆಯ ಒಬ್ಬ ಹುಡುಗಿಯ ಫೈಲು ಹೇಗಿರುತ್ತದೆ ನೋಡಿ. ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಾದ ಕಾರಣ ಜನನ ಪ್ರಮಾಣಪತ್ರ ಮಂಗಳೂರು ಮಹಾನಗರಪಾಲಿಕೆಯದು, ಅದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ಜ್ಞಾನಸ್ನಾನದ ಪ್ರಮಾಣಪತ್ರದಲ್ಲಿ ಮೂರು ತುಂಡಿನ ಹೆಸರು, ಜೊತೆಗೆ ಡಿಸೋಜ ಎಂಬ ಕುಲನಾಮ. ಕೇರಳದ ಎಸ್ಸೆಸೆಲ್ಸಿ ಪುಸ್ತಕದಲ್ಲಿ ಕುಲನಾಮ ಹೋಗಿ ಹೆಸರಿನ ಬಾಲದಲ್ಲಿ ಎರಡು ಇನಿಶಿಯಲ್. ಡಿಗ್ರಿ ಮಂಗಳೂರು ವಿಶ್ವವಿದ್ಯಾಲಯದ್ದು, ಅಲ್ಲಿ ಕುಲನಾಮ ಮರಳಿ ಬಂದಿದೆ, ಆದರೆ ಇಂಗ್ಲಿಷಿನ ‘ಡಿ’ ಅಕ್ಷರದ ಪಕ್ಕ ಮೇಲ್ಚುಕ್ಕೆಯ ಜೊತೆ. ಪಾಸ್‌ಪೋರ್ಟಿನಲ್ಲಿ ಆ ಚುಕ್ಕೆ ಇಲ್ಲ. ಊರಿನವರಿಗೆ ಇದು ಒಬ್ಬಳೇ ಹುಡುಗಿ. ವೀಸಾ ಕೌಂಟರಿನವರ ಕಣ್ಣಿಗೆ ನಾಲ್ಕು ಜನ.

ಇದಕ್ಕೆ ಮದ್ದು ಇದೆ, ಸಮಯ ಬೇಕು ಅಷ್ಟೆ. ಮೊದಲು ಪಾಸ್‌ಪೋರ್ಟ್ ಮತ್ತು ಎಸ್ಸೆಸೆಲ್ಸಿ ಒಂದಕ್ಕೊಂದು ತಾಳೆಯಾಗಬೇಕು, ಉಳಿದದ್ದೆಲ್ಲ ಆಮೇಲೆ. ಇನಿಶಿಯಲ್ಲನ್ನು ಬಿಡಿಸಿ ಬರೆದಿರುವಂಥ ಸಣ್ಣ ವ್ಯತ್ಯಾಸಕ್ಕೆ ಅಕ್ಷಯ ಕೇಂದ್ರದ ಮೂಲಕ ಅರ್ಜಿ ಹಾಕಿ ‘ವನ್ ಆ್ಯಂಡ್ ಸೇಮ್’ ಪ್ರಮಾಣಪತ್ರ ತೆಗೆಸಬಹುದು. ಕುಲನಾಮವೇ ಬೇರೆ ಇದ್ದರೆ ಗಜೆಟ್ ಪ್ರಕಟಣೆಯ ದಾರಿ ಹಿಡಿಯಬೇಕು. ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸುವುದು ಮಂಗಳೂರಿನ ಪಾಲಿಕೆಯಲ್ಲೇ ಆಗಬೇಕು, ಕಾಸರಗೋಡಿನ ಪಂಚಾಯತಿಯಲ್ಲಿ ಎಷ್ಟು ಕೇಳಿದರೂ ಪ್ರಯೋಜನವಿಲ್ಲ. ಇದನ್ನೆಲ್ಲ ಆಯ್ಕೆಯಾದ ಮೇಲೆ ಶುರುಮಾಡಿದವರು ತಮ್ಮ ವರ್ಷವನ್ನು ಕಳೆದುಕೊಳ್ಳುತ್ತಾರೆ.

ದೃಢೀಕರಣವೂ ಹೀಗೇ ಎರಡು ದಿಕ್ಕಿನದು. ಕೇರಳದ ಶೈಕ್ಷಣಿಕ ಪ್ರಮಾಣಪತ್ರಗಳಿಗೆ ಕೇರಳ ಸರ್ಕಾರದ ಅನಿವಾಸಿ ಕೇರಳಿಗರ ಸಂಸ್ಥೆ ನೋರ್ಕಾ ರೂಟ್ಸ್, ಕಾಸರಗೋಡಿನವರಿಗೆ ಅದರ ಹತ್ತಿರದ ಪ್ರಾದೇಶಿಕ ಕೇಂದ್ರ ಕೋಝಿಕ್ಕೋಡು. ಕರ್ನಾಟಕದ ಪಿಯುಸಿ, ಡಿಗ್ರಿಗಳಿಗೆ ಬೆಂಗಳೂರು. ಇಲ್ಲೊಂದು ಹಣದ ಸೋರಿಕೆ ಇದೆ. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಲು ಹಾಕುವ ಮೊಹರು ಅಪೋಸ್ಟಿಲ್. ಭಾರತ 2005ರಲ್ಲಿ ಅದರ ಒಡಂಬಡಿಕೆಗೆ ಸೇರಿತು, ಆದರೆ ಜರ್ಮನಿ ಅದಕ್ಕೆ ಆಕ್ಷೇಪ ಎತ್ತಿದ್ದರಿಂದ ಇವೆರಡು ದೇಶಗಳ ನಡುವೆ ಅಪೋಸ್ಟಿಲ್ ನಡೆಯುವುದಿಲ್ಲ. ಜರ್ಮನಿಗೆ ಹೋಗುವವರಿಂದ ಅಪೋಸ್ಟಿಲ್‌ಗೆಂದು ಸಾವಿರಗಟ್ಟಲೆ ವಸೂಲು ಮಾಡುವವರು ಬೇಡದ ಕಾಗದ ಮಾರುತ್ತಿದ್ದಾರೆ ಎಂದೇ ಅರ್ಥ. ಕಾನ್ಸುಲೇಟಿನ ಪಟ್ಟಿಯಲ್ಲಿ ಏನಿದೆಯೋ ಅದನ್ನಷ್ಟೇ ಮಾಡಿಸಿ.

ಪಾಸ್‌ಪೋರ್ಟ್ ವಿಷಯದಲ್ಲಿ ಕಾಸರಗೋಡು ಕೋಝಿಕ್ಕೋಡು ಕಚೇರಿಗೆ ಸೇರಿದ್ದು. ಪೊಲೀಸ್ ಕ್ಲಿಯರೆನ್ಸ್‌ಗೂ ಅಲ್ಲೇ ಅರ್ಜಿ, ಶುಲ್ಕ 500 ರೂಪಾಯಿ. ಮಂಗಳೂರಿನ ಪಿಜಿಯಲ್ಲಿದ್ದುಕೊಂಡು ಊರಿನ ವಿಳಾಸ ಕೊಟ್ಟರೆ ಪೊಲೀಸರು ಬಂದಾಗ ನೀವು ಮನೆಯಲ್ಲಿರುವುದಿಲ್ಲ, ವರದಿ ತಿರುಗಿ ಹೋಗುತ್ತದೆ. ಒಂದೇ ಸಮಾಧಾನವೆಂದರೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿಗೆ ಕರ್ನಾಟಕ, ಕೇರಳ ಎರಡೂ ಸೇರುತ್ತವೆ. ಗಡಿ ಗೆರೆಯ ತಕರಾರು ಅಲ್ಲಿಗೆ ಮುಗಿಯಿತು.

ಭಾಷೆಯ ಮಾತು. ಸಂಸ್ಥೆಗಳು ಕೇಳುವುದು ಜರ್ಮನ್ ಪರೀಕ್ಷೆಯ ಎ1 ಎಂಬ ಮೊದಲ ಮೆಟ್ಟಿಲಿನಿಂದ ಬಿ1ರವರೆಗೆ ಬೇರೆಬೇರೆ ಮಟ್ಟ. ವೃದ್ಧಾಶ್ರಮಕ್ಕೆ ಎ2ಗಿಂತ ಕಡಿಮೆ ಇಟ್ಟುಕೊಂಡು ಹೋಗುವುದು ತನಗೂ ಅಲ್ಲಿನ ಮುದುಕರಿಗೂ ಮಾಡುವ ಅನ್ಯಾಯ. ಬಿ1ರಲ್ಲಿ ಓದು, ಆಲಿಸುವಿಕೆ, ಬರಹ, ಮಾತು ಎಂಬ ನಾಲ್ಕು ಭಾಗಗಳಿವೆ, ಪ್ರತಿಯೊಂದರಲ್ಲೂ ಶೇ 60 ಬರಬೇಕು. ಕಾಸರಗೋಡಿನಿಂದ ತೆಂಕಣಕ್ಕೆ ತರಗತಿಗಳು ಮಲಯಾಳದ ಮೂಲಕ ನಡೆಯುವುದೇ ಹೆಚ್ಚು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಅದು ಒಂದರ ಮೇಲೊಂದು ಹೊರೆ, ಮಂಗಳೂರಿನ ತರಗತಿಯೇ ವಾಸಿ. ಪರೀಕ್ಷೆಯ ಸ್ಲಾಟಿಗೆ ನರ್ಸಿಂಗ್ ಹುಡುಗ ಹುಡುಗಿಯರ ದೊಡ್ಡ ಸಾಲೇ ಮುಂದಿರುತ್ತದೆ, ಹಾಗಾಗಿ ಪಾಠ ಮುಗಿಯುವುದನ್ನು ಕಾಯದೆ ದಿನಾಂಕ ಹಿಡಿಯಬೇಕು. ಅಲ್ಲಿನ ಸೇವಾವರ್ಷ ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರಿನಲ್ಲಿ ಶುರು. ಹಿಂದಿನ ವರ್ಷದ ಸೆಪ್ಟೆಂಬರಿಗೆ ಅರ್ಜಿ, ಕ್ರಿಸ್‌ಮಸ್‌ನೊಳಗೆ ಸಂದರ್ಶನ, ಫೆಬ್ರವರಿಗೆ ಪರೀಕ್ಷೆ, ಈಸ್ಟರ್ ಹೊತ್ತಿಗೆ ಸಹಿಯಾದ ಒಪ್ಪಂದ, ಮೇ ತಿಂಗಳಲ್ಲಿ ವೀಸಾ. ಇದಕ್ಕಿಂತ ಬಿಗಿಯಾದ ಲೆಕ್ಕ ಹಾಕಿದರೆ ಒಂದು ಕಾಗದ ತಡವಾದರೂ ಎಲ್ಲವೂ ಕುಸಿಯುತ್ತದೆ.

ಜರ್ಮನ್ ವೀಸಾದ ಶುಲ್ಕ 75 ಯೂರೋ. ತಿರಸ್ಕಾರ ಬಂದರೆ ಮೊದಲು ಅದೇ ಕಾನ್ಸುಲೇಟಿಗೆ ಮೇಲ್ಮನವಿ ಬರೆಯಬಹುದಿತ್ತು. 2025ರ ಜುಲೈ 1ರಿಂದ ಅದು ನಿಂತಿದೆ. ಈಗ ಹೊಸ ಅರ್ಜಿ, ಇಲ್ಲವಾದರೆ ಬರ್ಲಿನ್ನಿನ ಕೋರ್ಟು. ಹಾಗಾಗಿ ಮೊದಲ ಅರ್ಜಿಯಲ್ಲಿರುವ ಉದ್ದೇಶ ಪತ್ರಕ್ಕೆ ತೂಕ ಹೆಚ್ಚಿದೆ. ಏಜೆನ್ಸಿಗಳು ಒಂದೇ ಪತ್ರವನ್ನು ಹೆಸರು ಬದಲಿಸಿ ಹತ್ತಾರು ಜನರಿಗೆ ಕೊಡುತ್ತವೆ, ಅಧಿಕಾರಿಗಳಿಗೆ ಅದು ಓದುತ್ತಲೇ ತಿಳಿಯುತ್ತದೆ. ಈ ಸಂಸ್ಥೆಯೇ ಯಾಕೆ, ಈ ವರ್ಷವೇ ಯಾಕೆ, ಮರಳಿ ಬಂದು ಏನು ಎಂಬ ಮೂರಕ್ಕೆ ಸ್ವಂತ ಮಾತಿನ ಉತ್ತರ ಸಾಕು. ಕಾಸರಗೋಡಿನವರ ಬಳಿ ಇಂಥ ಉತ್ತರಕ್ಕೆ ವಿಷಯವೂ ಇದೆ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಚೆಲ್ಲಿದ ಜಿಲ್ಲೆ ಇದು. ಎಣ್ಮಕಜೆಯಂಥ ಪಂಚಾಯತಿಗಳ ಮನೆಗಳಲ್ಲಿ ಅಂಗವಿಕಲ ಮಕ್ಕಳ ಆರೈಕೆ ಎಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಇಂಥ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಯಲ್ಲಿ ಮೂರು ತಿಂಗಳು ನಿಜವಾಗಿ ಕೈಜೋಡಿಸಿ ಅಲ್ಲಿಂದ ಪತ್ರ ತಂದವರ ಅರ್ಜಿ, ‘ಬಾಲ್ಯದಿಂದಲೂ ಸೇವೆಯ ಆಸೆ’ ಎಂದು ಬರೆದ ಅರ್ಜಿಗಿಂತ ಎಷ್ಟೋ ಗಟ್ಟಿ.

ಲಕ್ಷಗಳ ಲೆಕ್ಕ

ಸಭೆಯ ಮೂಲಕ ಹೋಗುವವರಿಗೆ ಪಾಸ್‌ಪೋರ್ಟ್, ಭಾಷೆ, ವೀಸಾ, ಓಡಾಟದ ಖರ್ಚಿದೆ. ಟಿಕೆಟನ್ನು ಹಲವು ಯೋಜನೆಗಳಲ್ಲಿ ಅವರೇ ಕೊಡುತ್ತಾರೆ. ‘ಜಾಗ ಕೊಡಿಸಿದ್ದಕ್ಕೆ’ ಎಂಬ ಬಾಬ್ತು ಇರಬಾರದು. ಏಜೆಂಟ್ ಮೂರು ಲಕ್ಷ ಕೇಳಿದ ಎಂದುಕೊಳ್ಳಿ. ಯೂರೋಗೆ 100 ರೂಪಾಯಿ ಹಿಡಿದರೆ ಅದು 3,000 ಯೂರೋ. ತಿಂಗಳಿಗೆ 400 ಯೂರೋ ಕೈಖರ್ಚು ಸಿಗುವವನ ಏಳೂವರೆ ತಿಂಗಳು ಅಲ್ಲಿಗೆ ಹೋಯಿತು. ಉಳಿದ ನಾಲ್ಕೂವರೆ ತಿಂಗಳಲ್ಲಿ ಸಾಲದ ಬಡ್ಡಿ, ಚಳಿಯ ಬಟ್ಟೆ, ಫೋನು ಎಲ್ಲ ಆಗಬೇಕು. ಸಾಲ ಹೊತ್ತು ಹೋದವನಿಗೆ ಸೇವೆ ಮಾಡುವ ಮನಸ್ಸು ಎಲ್ಲಿಂದ ಬರಬೇಕು? ಅವನು ಕದ್ದು ಇನ್ನೊಂದು ಕೆಲಸ ಹುಡುಕುತ್ತಾನೆ, ಅದು ವೀಸಾದ ಷರತ್ತು ಮುರಿದಂತೆ.

1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶದ ನೌಕರಿಗೆ ಜನ ಕಳಿಸುವವರು ನೋಂದಣಿ ಮಾಡಿಸಿರಬೇಕು, ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಬಾರದು. ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತರ ಪಟ್ಟಿ ಸಿಗುತ್ತದೆ. ಎಫ್‌ಎಸ್‌ಜೆ ಮಾರುವವರು ಇಲ್ಲಿ ಜಾಣತನದಿಂದ ಜಾರಿಕೊಳ್ಳುತ್ತಾರೆ: ‘ನಮ್ಮದು ನೌಕರಿಯಲ್ಲ, ಸ್ವಯಂಸೇವೆ. ನಾವು ಎಜುಕೇಶನ್ ಕನ್ಸಲ್ಟೆನ್ಸಿ.’ ಮಾರುವಾಗ ಮಾತ್ರ ‘ಸಂಬಳ’ ಎಂದೇ ಹೇಳುತ್ತಾರೆ. ನೌಕರಿಯೂ ಅಲ್ಲದ, ಓದೂ ಅಲ್ಲದ ಈ ಸಂದಿಯನ್ನು ಕಾನೂನು ಮುಚ್ಚುವವರೆಗೆ ರಸೀದಿಯೇ ರಕ್ಷೆ. ಯಾವ ಬಾಬ್ತಿಗೆ ಎಷ್ಟು, ವೀಸಾ ಸಿಗದಿದ್ದರೆ ಎಷ್ಟು ವಾಪಸು ಎಂದು ಬರೆದುಕೊಡದವರಿಗೆ ಹಣ ಕೊಡಬಾರದು.

ಬಿಎಸ್ಸಿ ನರ್ಸಿಂಗ್ ಮುಗಿಸಿದವರು ಎಫ್‌ಎಸ್‌ಜೆಗೆ ಹೋಗುವುದಂತೂ ಶುದ್ಧ ನಷ್ಟ. ಅವರಿಗೆ ಅರ್ಹತೆಯ ಮಾನ್ಯತೆ ಪಡೆದು ಪೂರ್ಣ ಸಂಬಳಕ್ಕೆ ಹೋಗುವ ದಾರಿ ಇದೆ. ನೋರ್ಕಾ ರೂಟ್ಸ್ ಜರ್ಮನ್ ಸಂಸ್ಥೆಗಳ ಜೊತೆ ನಡೆಸುವ ಟ್ರಿಪಲ್ ವಿನ್ ಎಂಬ ನರ್ಸ್ ನೇಮಕಾತಿ ಯೋಜನೆ ಅದಕ್ಕೇ ಇರುವುದು. ಕೇರಳದ ವಿಳಾಸವಿರುವ ಕನ್ನಡಿಗರಿಗೂ ಅದು ಸಲ್ಲುತ್ತದೆ, ಮಂಗಳೂರಿನ ಕಾಲೇಜಿನಲ್ಲಿ ಓದಿದ ಕಾಸರಗೋಡಿನ ಮಕ್ಕಳಿಗೆ ಮಾತ್ರ ಈ ಸುದ್ದಿ ಮುಟ್ಟುವುದು ಕಡಿಮೆ.

ಅಲ್ಲಿಗೆ ಮುಟ್ಟಿದ ಮೇಲೆ

ಮೊದಲ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರ ಸಹಿಯ ಪತ್ರ ಬೇಕು. ಆ ಫಾರ್ಮಿನಲ್ಲಿ ಧರ್ಮದ ಕಾಲಮ್ ಇರುತ್ತದೆ. ‘ರೋಮನ್ ಕೆಥೊಲಿಕ್’ ಅಥವಾ ‘ಪ್ರೊಟೆಸ್ಟೆಂಟ್’ ಎಂದು ತುಂಬಿದರೆ ಚರ್ಚ್ ತೆರಿಗೆಯ ಪಟ್ಟಿಗೆ ಸೇರಿದಂತೆ. ಅದು ಆದಾಯ ತೆರಿಗೆಯ ಶೇ 9, ಬವೇರಿಯಾ ಮತ್ತು ಬಾಡೆನ್-ವುರ್ಟೆಂಬೆರ್ಗ್‌ನಲ್ಲಿ ಶೇ 8. ಕೈಖರ್ಚಿನ ಹಣಕ್ಕೆ ಆದಾಯ ತೆರಿಗೆಯೇ ಬರದ ಕಾರಣ ಸೇವಾವರ್ಷದಲ್ಲಿ ಇದು ಸೊನ್ನೆ. ಮುಂದೆ ಅಲ್ಲೇ ಸಂಬಳಕ್ಕೆ ಸೇರಿದರೆ ಪ್ರತಿ ತಿಂಗಳೂ ಕಡಿತವಾಗುತ್ತದೆ. ಕ್ರೈಸ್ತರೆಂದು ಬರೆಯದೆ ಇರಿ ಎಂದು ಹೇಳುತ್ತಿಲ್ಲ, ಮಿಶನ್ ಹೆಸರಲ್ಲಿ ಹೋದವರು ಅದನ್ನು ಮರೆಮಾಡಿದರೆ ಚೆಂದವೂ ಅಲ್ಲ. ಗೊತ್ತಿದ್ದು ಬರೆಯಿರಿ ಎಂದಷ್ಟೇ. ರೇಡಿಯೊ–ಟಿವಿ ಶುಲ್ಕದ ಪತ್ರವೂ ಬರುತ್ತದೆ, ತಿಂಗಳಿಗೆ 18.36 ಯೂರೋ. ಟಿವಿ ಇಲ್ಲವೆಂದರೂ ಬಿಡುವುದಿಲ್ಲ. ಆದರೆ ಅದು ತಲೆಗಲ್ಲ, ಮನೆಗೆ ಒಂದು. ಒಂದೇ ಫ್ಲ್ಯಾಟಿನಲ್ಲಿ ನಾಲ್ವರಿದ್ದರೆ ಹಂಚಿಕೊಳ್ಳಬಹುದು.

ವೃದ್ಧಾಶ್ರಮದ ಬೆಳಗಿನ ಪಾಳಿ ಆರು–ಆರೂವರೆಗೆ ಶುರು, ಚಳಿಗಾಲದಲ್ಲಿ ಆಗಿನ್ನೂ ಗಾಢ ಕತ್ತಲು. ಒಬ್ಬೊಬ್ಬರನ್ನು ಎಬ್ಬಿಸಿ ಮುಖ ತೊಳೆಸುವುದು, ಬಟ್ಟೆ ಹಾಕಿಸುವುದು, ಗಾಲಿಕುರ್ಚಿಗೆ ಕೂರಿಸುವುದು. ನುಂಗಲು ಕಷ್ಟವಿರುವವರ ಕಾಫಿಗೆ ಮಂದ ಮಾಡುವ ಪುಡಿ ಕದಡಬೇಕು. ತೆಳ್ಳಗೆ ಉಳಿದರೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮರೆವಿನ ಕಾಯಿಲೆಯವರು ಕ್ಲಾಸಿನಲ್ಲಿ ಕಲಿತ ಜರ್ಮನ್ ಮಾತನಾಡುವುದಿಲ್ಲ, ತಮ್ಮ ಹಳ್ಳಿಯ ಮಾತಾಡುತ್ತಾರೆ. ಸ್ಟುಟ್‌ಗಾರ್ಟ್ ಸುತ್ತಿನ ಸ್ವಾಬಿಯನ್ ಕೇಳಿ ಎ2 ಪಾಸಾದವರೂ ಮೊದಲ ತಿಂಗಳು ಕಂಗಾಲಾಗುತ್ತಾರೆ. ಇದೆಲ್ಲ ಮಾಡಬೇಕಾದ ಕೆಲಸವೇ. ಇನ್ಸುಲಿನ್ ಚುಚ್ಚುವುದು, ಗಾಯ ಕಟ್ಟುವುದು, ಮಾತ್ರೆ ಲೆಕ್ಕ ಹಾಕಿ ಇಡುವುದು, ರಾತ್ರಿ ಒಬ್ಬರೇ ಒಂದು ವಾರ್ಡ್ ನೋಡಿಕೊಳ್ಳುವುದು ಮಾತ್ರ ಸ್ವಯಂಸೇವಕರ ಕೆಲಸವಲ್ಲ. ಸಂಬಳದವರ ಜಾಗವನ್ನು ಸ್ವಯಂಸೇವಕರಿಂದ ತುಂಬಿಸಬಾರದು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ಜನ ಕಡಿಮೆಯಿದ್ದ ದಿನ ‘ಇವತ್ತೊಂದು ದಿನ’ ಎಂದು ಶುರುವಾಗಿ ಅದೇ ರೂಢಿಯಾಗುವುದುಂಟು. ನಮ್ಮ ಕಡೆಯವರಿಗೆ ಹಿರಿಯರ ಮಾತಿಗೆ ಆಗುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಇಂಥ ಹೊತ್ತಿಗೆ ಬೇಕಾಗುವವರೇ ಕಳಿಸಿದ ಸಂಸ್ಥೆಯ ಮೇಲ್ವಿಚಾರಕರು, ಏಜೆಂಟ್ ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ. ಕೆಲಸ ಬಿಟ್ಟು ಹೊರಬಂದರೆ ವಾಸದ ಪರವಾನಗಿಗೇ ಕುತ್ತು, ಅದು ಆ ಜಾಗಕ್ಕೆ ಕಟ್ಟಿದ್ದು. ಬೇರೆ ಸಂಸ್ಥೆಗೆ ಬದಲಾಗುವುದಾದರೆ ವಿದೇಶಿಯರ ಕಚೇರಿಯ ಒಪ್ಪಿಗೆ ಪಡೆದ ಮೇಲೆಯೇ ಹಳೆಯದನ್ನು ಬಿಡಬೇಕು.

ನವೆಂಬರ್ ಗಟ್ಟಿಯಾದವರನ್ನೂ ಅಲುಗಾಡಿಸುತ್ತದೆ. ನಾಲ್ಕೂವರೆ–ಐದಕ್ಕೆ ಕತ್ತಲು, ರಸ್ತೆಯಲ್ಲಿ ಮಾತಿಲ್ಲ. ಭಾನುವಾರ ದೇವಾಲಯಕ್ಕೆ ಹೋದರೆ ಬೆಂಚುಗಳು ಖಾಲಿ, ಇರುವವರೂ ಮುದುಕರು. ನಮಗೆ ಮಿಶನರಿಗಳನ್ನು ಕಳಿಸಿದ ನಾಡು ಇದೇನಾ ಎಂದು ಅನ್ನಿಸದೆ ಇರದು. ಅಲ್ಲಿನ ನಂಬಿಕೆ ದೇವಾಲಯದಿಂದ ಇಳಿದು ಆಸ್ಪತ್ರೆ, ಆಶ್ರಮ, ನಿರಾಶ್ರಿತರ ಶಿಬಿರಗಳ ಕಡೆಗೆ ಹೋಗಿದೆ ಎಂಬುದು ಕಾಣಲು ಕೆಲವು ತಿಂಗಳು ಬೇಕು. ಮಲಯಾಳ ಕೂಟಕ್ಕೇ ಪ್ರತಿ ವಾರ ಓಡುವವರು ಅದನ್ನು ನೋಡದೇ ವರ್ಷ ಮುಗಿಸುತ್ತಾರೆ, ಜರ್ಮನ್ನೂ ಬೆಳೆಯುವುದಿಲ್ಲ.

ವರ್ಷದ ಕೊನೆಯಲ್ಲಿ ಅಲ್ಲೇ ವೃತ್ತಿ ತರಬೇತಿಗೆ ಸೇರುವ ಆಸೆ ಹಲವರಿಗೆ ಬರುತ್ತದೆ. ಎಫ್‌ಎಸ್‌ಜೆ, ಬಿಎಫ್‌ಡಿ ವೀಸಾದಲ್ಲಿರುವವರಿಗೆ ಬಿ1 ಮತ್ತು ತರಬೇತಿ ಒಪ್ಪಂದ ಇದ್ದರೆ ಅದಕ್ಕೆ ದಾರಿಯಿದೆ. ಸಭೆಯ ಅಥವಾ ವೆಲ್ಟ್‌ವೆರ್ಟ್ಸ್‌ನ ಜಾಗದಲ್ಲಿ ಹೋದವರು ಮರಳಿ ಬರುತ್ತೇನೆಂದು ಸಹಿ ಹಾಕಿರುತ್ತಾರೆ. ಅದನ್ನು ಮುರಿದರೆ ಮುಂದಿನ ವರ್ಷ ಅದೇ ಧರ್ಮಪ್ರಾಂತದಿಂದ ಹೊರಡಬೇಕಿದ್ದವರ ಜಾಗಕ್ಕೆ ಪೆಟ್ಟು. ಆಸೆ ಇದ್ದರೆ ಹೊರಡುವ ಮೊದಲೇ ವಿಗಾರರಿಗೋ ಸಭಾಪಾಲಕರಿಗೋ ಹೇಳಿ, ಬೇರೆ ದಾರಿ ಆರಿಸಿಕೊಳ್ಳುವುದು ನೇರ.

ಮರಳುವವರು ಹೊರಡುವ ಮೊದಲು ಸಂಸ್ಥೆಯಿಂದ ಕೆಲಸದ ವಿವರವಿರುವ ಪ್ರಮಾಣಪತ್ರ ಪಡೆಯಬೇಕು. ‘ಇಂಥವರು ಇಲ್ಲಿದ್ದರು’ ಎಂಬ ಒಂದು ಸಾಲಿನದು ಸಾಲದು. ನಗರ ಕಚೇರಿಯಲ್ಲಿ ವಿಳಾಸ ರದ್ದು ಮಾಡಿಸಿ ಅದರ ಕಾಗದ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ರೇಡಿಯೊ ಶುಲ್ಕ ನಿಮ್ಮ ಹೆಸರಲ್ಲಿ ಏರುತ್ತಲೇ ಇರುತ್ತದೆ. ಜರ್ಮನ್ ಸನ್ನಡತೆ ಪತ್ರಕ್ಕೆ ಅಲ್ಲೇ ಅರ್ಜಿ ಹಾಕಿದರೆ 13 ಯೂರೋದಲ್ಲಿ ಮುಗಿಯುತ್ತದೆ. ಮುಂದೆ ಇನ್ನೊಂದು ದೇಶದ ವೀಸಾಕ್ಕೆ ಅದನ್ನೇ ಕೇಳಿದಾಗ ಊರಿನಿಂದ ತರಿಸುವುದಕ್ಕೆ ಸಹಿ ದೃಢೀಕರಣವೇ ಒಂದು ದೊಡ್ಡ ಕೆಲಸ.